ಬೆಳ್ಳಿ ನಾಣ್ಯಕ್ಕೆ ಮೇಲೆ ಕೊಡುವ ದುಡ್ಡು ವಾಪಸು ಬರುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಷಯ ತೃತೀಯ, ವರಮಹಾಲಕ್ಷ್ಮಿ ವ್ರತ, ಧನತ್ರಯೋದಶಿ. ವರ್ಷಕ್ಕೆ ಈ ಮೂರು ಸಲ ನನ್ನ ಮೊಬೈಲಿಗೆ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ನಾನು ಚಿನಿವಾರನಲ್ಲ, ಪರವಾನಗಿ ಪಡೆದ ಹೂಡಿಕೆ ಸಲಹೆಗಾರನೂ ಅಲ್ಲ. ಬೆಳ್ಳಿ ಕೊಂಡ ರಸೀದಿಯನ್ನೂ ಮಾರಿದ ಚೀಟಿಯನ್ನೂ ಒಂದೇ ಬಿಸ್ಕತ್ತು ಡಬ್ಬಿಯಲ್ಲಿ ಜೋಪಾನವಾಗಿಟ್ಟುಕೊಂಡಿರುವ ಮನುಷ್ಯ, ಅಷ್ಟೇ. ಹೆಚ್ಚಿನವರ ಬಳಿ ಮೊದಲನೆಯದು ಇರುತ್ತದೆ, ಎರಡನೆಯದು ಇರುವುದಿಲ್ಲ. ತಪ್ಪು ಲೆಕ್ಕ ಶುರುವಾಗುವುದೇ ಅಲ್ಲಿಂದ.

ಸುತ್ತಿ ಬಳಸಿ ಹೇಳಬೇಡಿ. ಬೆಳ್ಳಿ ನಾಣ್ಯ ಕೊಳ್ಳಬಹುದೇ, ಬೇಡವೇ?

ಪೂಜೆಗೆ, ಉಡುಗೊರೆಗೆ ಆದರೆ ಧಾರಾಳವಾಗಿ ಕೊಳ್ಳಿ. ದುಡ್ಡು ಬೆಳೆಯಲಿ ಎಂಬ ಉದ್ದೇಶಕ್ಕೆ 5 ಗ್ರಾಂ, 10 ಗ್ರಾಂ ನಾಣ್ಯಗಳು ಬೇಡ. ಆ ಉದ್ದೇಶಕ್ಕೆ ದೊಡ್ಡ ಗಟ್ಟಿ ಇದೆ, ಷೇರುಪೇಟೆಯ ಬೆಳ್ಳಿ ಇಟಿಎಫ್ (ಷೇರಿನಂತೆ ಕೊಂಡು ಮಾರುವ ಬೆಳ್ಳಿ ನಿಧಿ) ಇದೆ. ನಡುವೆ 50 ಅಥವಾ 100 ಗ್ರಾಂ ನಾಣ್ಯ ಕೊಳ್ಳುವವರೂ ಇದ್ದಾರೆ. ಅವರದು ಅರ್ಧ ಮನಸ್ಸಿನ ಆಸೆ, ಅರ್ಧ ಮನಸ್ಸಿನ ಲೆಕ್ಕ.

ಪತ್ರಿಕೆಯ ಚಿನಿವಾರಪೇಟೆ ಅಂಕಣದಲ್ಲಿ ಒಂದು ದರ, ಅಂಗಡಿಯಲ್ಲಿ ಇನ್ನೊಂದು. ಏಕೆ?

ಪತ್ರಿಕೆಯಲ್ಲಿ ಬರುವುದು ಸಗಟು ಬೆಳ್ಳಿಯ ದರ, ಅದೂ ಒಂದು ಕಿಲೋ ಲೆಕ್ಕದಲ್ಲಿ. ನಿಮ್ಮ ಕೈಗೆ ಬರುವುದು ಹತ್ತು ಗ್ರಾಮಿನ ಬಿಲ್ಲೆ. ಬೆಳ್ಳಿಯನ್ನು ತಗಡಾಗಿಸಿ, ಬಿಲ್ಲೆ ಕತ್ತರಿಸಿ, ಲಕ್ಷ್ಮಿಯ ಅಚ್ಚು ಒತ್ತಿ, ಪ್ಲಾಸ್ಟಿಕ್ ಕಾರ್ಡಿನಲ್ಲಿ ಮುಚ್ಚಿ, ಅದಕ್ಕೊಂದು ಸಂಖ್ಯೆ ಕೊಟ್ಟು, ವಿಮೆ ಮಾಡಿಸಿ ಅಂಗಡಿಗೆ ಕಳುಹಿಸುವ ಖರ್ಚು 10 ಗ್ರಾಮಿನ ನಾಣ್ಯಕ್ಕೂ 100 ಗ್ರಾಮಿನ ನಾಣ್ಯಕ್ಕೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ನಾಣ್ಯ ಚಿಕ್ಕದಾದಷ್ಟೂ ಪ್ರತಿ ಗ್ರಾಮಿನ ಮೇಲೆ ಬೀಳುವ ಮಜೂರಿ ದೊಡ್ಡದು. ಚಿನ್ನದಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ಏಕೆಂದರೆ ಒಂದು ಗ್ರಾಂ ಚಿನ್ನಕ್ಕೇ ಸಾವಿರಾರು ರೂಪಾಯಿ. ಅಗ್ಗದ ಲೋಹಕ್ಕೆ ಅದೇ ಕೂಲಿ ಹೇರಿದಾಗ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಇದರ ಮೇಲೆ ಅಂಗಡಿಯ ಲಾಭ. ಎಲ್ಲದರ ಮೇಲೆ ಶೇ 3ರಷ್ಟು ಜಿಎಸ್‌ಟಿ. ಬೆಳ್ಳಿಯ ಸಗಟು ದರಕ್ಕಿಂತ ಹೀಗೆ ಹೆಚ್ಚಾಗಿ ಕೊಡುವ ಮೊತ್ತವನ್ನೇ ಪ್ರೀಮಿಯಂ ಎನ್ನುವುದು. ಕೆಲವು ಅಂಗಡಿಗಳು ಅದನ್ನು ಮಜೂರಿ ಎಂದು ಬೇರೆಯಾಗಿ ಬರೆಯುತ್ತವೆ, ಕೆಲವು ಒಟ್ಟು ಬೆಲೆಯಲ್ಲೇ ಸೇರಿಸಿಬಿಡುತ್ತವೆ. ಎರಡನೆಯ ಬಗೆಯ ರಸೀದಿ ಸಿಕ್ಕರೆ ಒಟ್ಟು ಮೊತ್ತವನ್ನು ಗ್ರಾಮಿನಿಂದ ಭಾಗಿಸಿ, ಅಂದಿನ ದರದ ಪಕ್ಕದಲ್ಲಿ ಬರೆದು ನೋಡಿ.

ಅಂಕಿಗಳಲ್ಲಿ ತೋರಿಸಿ.

ಲೆಕ್ಕ ಸುಲಭವಾಗಲೆಂದು ಬೆಳ್ಳಿಯ ಸಗಟು ದರ ಗ್ರಾಮಿಗೆ 100 ರೂಪಾಯಿ ಎಂದುಕೊಳ್ಳೋಣ. ಇಂದಿನ ದರ ಎಷ್ಟೇ ಇದ್ದರೂ ಶೇಕಡಾವಾರು ಲೆಕ್ಕ ಬದಲಾಗದು.

10 ಗ್ರಾಂ ನಾಣ್ಯದಲ್ಲಿರುವ ಬೆಳ್ಳಿ 1,000 ರೂಪಾಯಿಯದು. ಅಂಗಡಿಯವರು 1,200 ಹೇಳುತ್ತಾರೆ. ಜಿಎಸ್‌ಟಿ ಸೇರಿ 1,236. ಮಾರಲು ಹೋದಾಗ ಅಂದಿನ ದರದಲ್ಲಿ ಶೇ 5 ಕಳೆದು ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಹಾಕಿದ ದುಡ್ಡು ಹಾಕಿದಷ್ಟೇ ವಾಪಸು ಬರಬೇಕಾದರೂ ಬೆಳ್ಳಿ ಗ್ರಾಮಿಗೆ 130 ರೂಪಾಯಿ ದಾಟಬೇಕು. ಅಂದರೆ ಶೇ 30ರಷ್ಟು ಏರಿಕೆಯಾದ ಮೇಲೆ ನೀವು ಹೊರಟ ಜಾಗಕ್ಕೆ ಬಂದು ನಿಲ್ಲುತ್ತೀರಿ.

ಈಗ ಒಂದು ಕಿಲೋ ಗಟ್ಟಿ. ಬೆಳ್ಳಿ 1,00,000; ಶೇ 2 ಮೇಲೆ ಕೊಟ್ಟರೆ 1,02,000; ಜಿಎಸ್‌ಟಿ ಸೇರಿ 1,05,060. ಮಾರುವಾಗ ಶೇ 1 ಕಡಿತ. ಇಲ್ಲಿ ದರ ಶೇ 6ರಷ್ಟು ಏರಿದರೆ ಸಾಕು, ಅಸಲು ಕೈಗೆ ಬಂತು.

ಮೂವತ್ತು ಮತ್ತು ಆರು. ನಾಣ್ಯ ಬೇಡ ಎನ್ನುವ ನನ್ನ ಮಾತು ನಿಂತಿರುವುದೇ ಈ ಎರಡು ಅಂಕಿಗಳ ಮೇಲೆ. ಮಜೂರಿ ಮತ್ತು ಕಡಿತದ ಅಂಕಿಗಳು ಅಂಗಡಿಯಿಂದ ಅಂಗಡಿಗೆ ಬೇರೆಯಾಗುತ್ತವೆ; ನಿಮ್ಮ ಊರಿನವನ್ನು ಹಾಕಿ ನೋಡಿಕೊಳ್ಳಿ. ಇನ್ನೂ ಒಂದು ಮಾತು: ಈ ಶೇ 30 ಒಂದೇ ಸಲದ ಹೊರೆ. ಹತ್ತು ವರ್ಷ ಇಟ್ಟುಕೊಂಡರೆ ವರ್ಷಕ್ಕೆ ಶೇ 2.7ರಷ್ಟು ಬಿದ್ದಂತೆ. ಎರಡು ವರ್ಷಕ್ಕೆ ಮಾರಿದರೆ ವರ್ಷಕ್ಕೆ ಶೇ 14. ಅವಸರಕ್ಕೆ ಮಾರುವವರೇ ಹೆಚ್ಚು ಕಳೆದುಕೊಳ್ಳುವುದು, ಚಿಕ್ಕ ನಾಣ್ಯ ಕೊಂಡವರು ಅವಸರಕ್ಕೇ ಮಾರುವುದು.

ನೀವು ಸ್ವತಃ ಮಾರಿ ನೋಡಿದ್ದೀರಾ?

ನೋಡಿದ್ದೇನೆ. 2021ರ ಧನತ್ರಯೋದಶಿಗೆ ಒಂದು ದೊಡ್ಡ ಮಳಿಗೆಯಲ್ಲಿ 10 ಗ್ರಾಮಿನ ಹತ್ತು ನಾಣ್ಯ ಕೊಂಡೆ. ಆಗ ಬೆಳ್ಳಿ ಗ್ರಾಮಿಗೆ ಸುಮಾರು 65 ರೂಪಾಯಿ. ನಾನು ಎಲ್ಲ ಸೇರಿ ಕೊಟ್ಟದ್ದು ನಾಣ್ಯಕ್ಕೆ 880. 2023ರ ಬೇಸಿಗೆಯಲ್ಲಿ ದುಡ್ಡು ಬೇಕಾಯಿತು. ದರ 74ಕ್ಕೆ ಹತ್ತಿರ ಇತ್ತು. ಲಾಭ ಬಂತೆಂದು ಖುಷಿಯಾಗಿಯೇ ಹೊರಟೆ.

ಕೊಂಡ ಮಳಿಗೆಯವರು ನಗದು ಕೊಡುವುದಿಲ್ಲ, ಬೇರೆ ಒಡವೆ ಕೊಂಡರೆ ಅದರಲ್ಲಿ ವಜಾ ಮಾಡುತ್ತೇವೆ ಎಂದರು. ಅಲ್ಲಿಂದ ಬೆಂಗಳೂರಿನ ನಗರ್ತಪೇಟೆಗೆ ನಡೆದೆ. ಮೊದಲ ಅಂಗಡಿಯಾತ ಕಾರ್ಡಿನ ಮೇಲಿದ್ದ ಹೆಸರು ನೋಡಿ ನಮ್ಮದಲ್ಲ ಎಂದು ತಲೆಯಾಡಿಸಿದ. ಎರಡನೆಯಾತ ಮಾತಾಡದೆ ಕತ್ತರಿ ತೆಗೆದು ಒಂದು ಕಾರ್ಡಿನ ಅಂಚು ಕತ್ತರಿಸಿದ. ಒಳಗಿದ್ದ ನಾಣ್ಯವನ್ನು ಬೆರಳ ತುದಿಯಲ್ಲಿ ತೂಗಿಸಿ ನೋಡಿ, ಗಾಜಿನ ಮೇಲೆ ಬೀಳಿಸಿ ಸದ್ದು ಕೇಳಿ, ಯಂತ್ರದ ಕೆಳಗಿಟ್ಟ. ಪರದೆಯ ಮೇಲೆ 99.9 ಬಂತು. ನನ್ನ ಮುಖವೂ ಅರಳಿತು. ಆಮೇಲೆ ಆತ ಹತ್ತನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ, ಕ್ಯಾಲ್ಕುಲೇಟರ್ ಒತ್ತಿ, ನನ್ನ ಕಡೆ ತಿರುಗಿಸಿದ: 6,800. ಗ್ರಾಮಿಗೆ 68. ‘ಕರಗಿಸೋದೇ ತಾನೆ ಸಾರ್’ ಎಂದ.

8,800 ಕೊಟ್ಟಿದ್ದೆ. ಬೆಳ್ಳಿ ಶೇ 14ರಷ್ಟು ಏರಿತ್ತು, ನಾನು ಎರಡು ಸಾವಿರ ಕಳೆದುಕೊಂಡಿದ್ದೆ. ಆತ ಮೋಸ ಮಾಡಲಿಲ್ಲ. ನನ್ನ ಪಾಲಿಗೆ ಅದು ಲಕ್ಷ್ಮಿಯ ಅಚ್ಚಿದ್ದ ನಾಣ್ಯ. ಆತನ ಪಾಲಿಗೆ ನೂರು ಗ್ರಾಂ ಕಚ್ಚಾ ಬೆಳ್ಳಿ. ಅಚ್ಚಿಗೆ ಕೊಟ್ಟ ಬೆಲೆ ಮೂಸೆಯಲ್ಲಿ ಕರಗಿಹೋಗುತ್ತದೆ.

ಹಾಗಾದರೆ ಪ್ರೀಮಿಯಂ ಕಡಿಮೆ ಇರುವ ಕಡೆ ಕೊಂಡರೆ ಆಯಿತಲ್ಲ?

ಅರ್ಧ ಸರಿ. ಪ್ರೀಮಿಯಂ ಎಷ್ಟು ಎನ್ನುವುದಕ್ಕಿಂತ ಅದರಲ್ಲಿ ಎಷ್ಟು ವಾಪಸು ಬರುತ್ತದೆ ಎಂಬುದು ಮುಖ್ಯ. ಶೇ 12 ಕೊಟ್ಟು ಶೇ 8 ವಾಪಸು ಪಡೆದವನಿಗೆ ಶೇ 6 ಕೊಟ್ಟು ಏನೂ ಸಿಗದವನಿಗಿಂತ ಕಡಿಮೆ ನಷ್ಟ. ಹಾಗಾಗಿ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಮಾರಾಟದ ಬೆಲೆಯನ್ನಲ್ಲ: ‘ಇದನ್ನೇ ನಾಳೆ ತಂದರೆ ಗ್ರಾಮಿಗೆ ಎಷ್ಟು ಕೊಡುತ್ತೀರಿ? ನಗದೋ, ವಿನಿಮಯವೋ?’ ಉತ್ತರವನ್ನು ರಸೀದಿಯ ಹಿಂಬದಿ ಬರೆದುಕೊಡಲು ಹೇಳಿ. ಬರೆದುಕೊಡಲು ಹಿಂದೇಟು ಹಾಕಿದರೆ ಅದೂ ಒಂದು ಉತ್ತರವೇ.

ಅಮೆರಿಕದಲ್ಲಿರುವ ನನ್ನ ತಮ್ಮ ಈಗಲ್ ನಾಣ್ಯ ಕೊಳ್ಳುತ್ತಾನೆ. ಮಾರುವಾಗಲೂ ಹೆಚ್ಚು ಬೆಲೆ ಸಿಗುತ್ತದೆ ಎನ್ನುತ್ತಾನೆ. ನಿಜವೇ?

ಅಲ್ಲಿ ನಿಜ. ಅಮೆರಿಕನ್ ಸಿಲ್ವರ್ ಈಗಲ್ 1986ರಿಂದ ಅಲ್ಲಿನ ಸರ್ಕಾರಿ ಟಂಕಸಾಲೆಯೇ ಅಚ್ಚು ಹಾಕುವ ನಾಣ್ಯ. ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ, 999 ಶುದ್ಧತೆ, ಮುಖಬೆಲೆ ಒಂದು ಡಾಲರ್. ಕೆನಡಾದ ಮೇಪಲ್ ಲೀಫ್ 1988ರಲ್ಲಿ ಬಂತು. ಆ ನಾಣ್ಯಗಳನ್ನು ನಾಣ್ಯವಾಗಿಯೇ ಮತ್ತೊಬ್ಬರಿಗೆ ಮಾರುವ ದೊಡ್ಡ ಮಾರುಕಟ್ಟೆ ಅಲ್ಲಿದೆ. ವರ್ತಕ ಅದನ್ನು ಕರಗಿಸುವುದಿಲ್ಲ, ಮರುದಿನ ಇನ್ನೊಬ್ಬರಿಗೆ ಪ್ರೀಮಿಯಂ ಸೇರಿಸಿಯೇ ಮಾರುತ್ತಾನೆ. ಹಾಗಾಗಿ ನಿಮ್ಮ ತಮ್ಮನಿಗೂ ಅದರಲ್ಲಿ ಪಾಲು ಕೊಡಬಲ್ಲ. 2020ರ ಮಾರ್ಚ್‌ನಲ್ಲಿ ಬೆಳ್ಳಿ ಔನ್ಸಿಗೆ 12 ಡಾಲರ್‌ಗಿಂತ ಕೆಳಗೆ ಬಿದ್ದಾಗ ಆ ದರಕ್ಕೆ ಈಗಲ್ ಎಲ್ಲಿಯೂ ಸಿಗುತ್ತಿರಲಿಲ್ಲ, ಪ್ರೀಮಿಯಂ ಮುಗಿಲಿಗೇರಿತ್ತು.

ನಮ್ಮಲ್ಲಿ ಅಂಗಡಿಗಳು ಮಾರುವುದು, ಕಟ್ಟುನಿಟ್ಟಾಗಿ ಹೇಳಿದರೆ, ನಾಣ್ಯವೇ ಅಲ್ಲ. ಮುಖಬೆಲೆ ಇಲ್ಲ, ಸರ್ಕಾರದ ಮುದ್ರೆ ಇಲ್ಲ. ಖಾಸಗಿಯವರು ಅಚ್ಚು ಒತ್ತಿದ ಬಿಲ್ಲೆ. ಎರಡನೇ ಕೈಯ ಮಾರುಕಟ್ಟೆಯೂ ಇಲ್ಲದಷ್ಟು ತೆಳು. ಇನ್ನು ಈಗಲನ್ನೇ ಬೆಂಗಳೂರಿನಲ್ಲಿ ಕೊಂಡರೆ ಎರಡು ದೇಶಗಳ ಪ್ರೀಮಿಯಂ ಕೊಟ್ಟು, ಮಾರುವಾಗ ಚಿಕ್ಕಪೇಟೆಯ ಕಚ್ಚಾ ದರ ಪಡೆಯುತ್ತೀರಿ. ಬ್ರಿಟನ್‌ನಲ್ಲಿರುವ ಕನ್ನಡಿಗರಿಗೆ ಇನ್ನೊಂದು ಬಗೆ: ಬೆಳ್ಳಿಗೆ ಶೇ 20ರಷ್ಟು ವ್ಯಾಟ್ ಕಟ್ಟಬೇಕು, ಆದರೆ ಬ್ರಿಟಾನಿಯಾ ನಾಣ್ಯ ಅಲ್ಲಿನ ಅಧಿಕೃತ ಹಣವಾದ್ದರಿಂದ ಲಾಭದ ಮೇಲೆ ಬಂಡವಾಳ ಗಳಿಕೆ ತೆರಿಗೆ ಇಲ್ಲ. ಯಾವ ದೇಶದಲ್ಲಿದ್ದೀರೋ ಆ ದೇಶದ ಲೆಕ್ಕವನ್ನೇ ಮಾಡಿ.

ಅಜ್ಜಿಯ ಪೆಟ್ಟಿಗೆಯಲ್ಲಿ ರಾಣಿಯ ರೂಪಾಯಿಗಳಿವೆ. ಅಂಥವನ್ನು ಕೊಳ್ಳುವುದು ಲಾಭವೇ?

ಇದು ನನಗೆ ಇಷ್ಟವಾದ ಪ್ರಶ್ನೆ. ರೂಪಾಯಿ ಎಂಬ ಮಾತೇ ಬೆಳ್ಳಿಯದು. ಸಂಸ್ಕೃತದ ರೂಪ್ಯದಿಂದ ಬಂದದ್ದು. 1835ರಿಂದ ಬ್ರಿಟಿಷ್ ಭಾರತದ ರೂಪಾಯಿ 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ, 11.66 ಗ್ರಾಂ ತೂಗುತ್ತಿತ್ತು. ಅದರ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಒಂದು ರೂಪಾಯಿಯಲ್ಲಿ 10.69 ಗ್ರಾಂ ಅಪ್ಪಟ ಬೆಳ್ಳಿ ಇರುತ್ತಿತ್ತು. ಹಳೆಯ ಮನೆಗಳಲ್ಲಿ ತೂಕದ ಬಟ್ಟು ಸಿಗದಿದ್ದಾಗ ರೂಪಾಯಿಯನ್ನೇ ತಕ್ಕಡಿಗೆ ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ.

ಆದರೆ ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿಗೆ ಬರ ಬಂತು. 1940ರಿಂದ ಅಚ್ಚಾದ ಆರನೇ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕರ್ಧ. ಉಳಿದದ್ದು ತಾಮ್ರ, ನಿಕ್ಕಲ್, ಸತು. ತೂಕ ಅದೇ 11.66 ಗ್ರಾಂ, ಬೆಳ್ಳಿ ಮಾತ್ರ 5.83 ಗ್ರಾಂ. 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್. ರಾಜ ಮಾತ್ರ ಅದೇ. ನಾಣ್ಯದ ಮೇಲಿನ ಇಸವಿ ಓದದೆ ರಾಜನ ಮುಖ ನೋಡಿ ದುಡ್ಡು ಕೊಟ್ಟವರು ಅರ್ಧ ಬೆಳ್ಳಿಗೆ ಪೂರ್ತಿ ಬೆಲೆ ತೆತ್ತಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿದ್ದು ಈ ನಾಣ್ಯಕ್ಕೇ ಇರಬೇಕು.

1939ಕ್ಕಿಂತ ಹಿಂದಿನ, ಸವೆದ, ಸಾಮಾನ್ಯ ಇಸವಿಯ ಬೆಳ್ಳಿ ರೂಪಾಯಿ ಲೋಹದ ಬೆಲೆಗೆ ಹತ್ತಿರದಲ್ಲಿ ಸಿಕ್ಕರೆ ಹೊಸ ಕಾರ್ಡ್ ನಾಣ್ಯಕ್ಕಿಂತ ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ. ನಾಣ್ಯ ಸಂಗ್ರಹಕಾರರ ಬೇಡಿಕೆ ಇರುವುದರಿಂದ ಬೆಲೆಗೆ ಒಂದು ನೆಲ ಇರುತ್ತದೆ. ತೊಂದರೆ ಎಂದರೆ ನಕಲಿಗಳೂ ಹೇರಳ. ಸಂತೆಯಲ್ಲಿ, ಪ್ರವಾಸಿ ತಾಣದ ಚಾಪೆಯ ಮೇಲೆ ಸಿಗುವ ‘ಪುರಾತನ’ ನಾಣ್ಯಗಳ ಹತ್ತಿರ ಸುಳಿಯಬೇಡಿ. ಇನ್ನೊಂದು ಎಚ್ಚರಿಕೆ ವಿದೇಶದಲ್ಲಿರುವವರಿಗೆ: 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಜ್ಜಿ ಪ್ರೀತಿಯಿಂದ ಕೊಟ್ಟ 1918ರ ರೂಪಾಯಿಯನ್ನು ಕೈಚೀಲದಲ್ಲಿ ಹಾಕಿಕೊಂಡು ವಿಮಾನ ಹತ್ತುವ ಮುನ್ನ ಇದು ನೆನಪಿರಲಿ.

ಸರ್ಕಾರ ಹೊರಡಿಸುವ ಸ್ಮರಣಾರ್ಥ ನಾಣ್ಯಗಳು?

ಅವು ಸಂಗ್ರಹಕಾರರಿಗೆ. 2023ರಲ್ಲಿ ಹೊಸ ಸಂಸತ್ ಭವನದ ನೆನಪಿಗೆ ಬಂದ 75 ರೂಪಾಯಿ ನಾಣ್ಯ ಸುಮಾರು 35 ಗ್ರಾಂ ತೂಗುತ್ತದೆ, ಅದರಲ್ಲಿ ಬೆಳ್ಳಿ ಅರ್ಧ ಮಾತ್ರ. ಮತ್ತೆ ಅದೇ 1940ರ ಪಾಕ. ಬೆಳ್ಳಿಯ ಆಸೆಗೆ ಇವನ್ನು ಕೊಳ್ಳುವುದು ತೇರಿನ ಹಗ್ಗಕ್ಕಾಗಿ ತೇರು ಕೊಂಡಂತೆ.

999, 925 ಎಂದೆಲ್ಲ ಬರೆದಿರುತ್ತದೆ. ಹಾಲ್‌ಮಾರ್ಕ್ ಇರಲೇಬೇಕೇ?

ಸಾವಿರ ಪಾಲಿನಲ್ಲಿ ಎಷ್ಟು ಪಾಲು ಬೆಳ್ಳಿ ಎಂಬುದೇ ಆ ಸಂಖ್ಯೆ. ನಾಣ್ಯ, ಗಟ್ಟಿಗಳಿಗೆ 999 ಅಥವಾ 999.9 ಇರಬೇಕು. 925 ಒಡವೆಗಳದು. ಬೆಳ್ಳಿಗೆ ಹಾಲ್‌ಮಾರ್ಕ್ ಚಿನ್ನದಂತೆ ಕಡ್ಡಾಯವಲ್ಲ. 2025ರ ಸೆಪ್ಟೆಂಬರ್ 1ರಿಂದ ಎಚ್‌ಯುಐಡಿ (ಒಂದೊಂದು ಒಡವೆಗೂ ಬೇರೆಯಾದ ಗುರುತು) ಸಂಖ್ಯೆಯ ಹಾಲ್‌ಮಾರ್ಕ್ ಬೆಳ್ಳಿ ಒಡವೆಗಳಿಗೂ ಬಂದಿದೆ, ಅದೂ ಸ್ವಯಂಪ್ರೇರಿತವಾಗಿ. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಎಂಎಂಟಿಸಿ-ಪ್ಯಾಂಪ್‌ನಂಥ ಮಾನ್ಯತೆ ಪಡೆದ ಸಂಸ್ಕರಣಾಲಯದ ನಾಣ್ಯವಾದರೆ ಶುದ್ಧತೆಯ ಬಗ್ಗೆ ತಕರಾರು ಬರುವುದು ಅಪರೂಪ.

‘ಜರ್ಮನ್ ಸಿಲ್ವರ್’ ಎಂದು ಮಾರುವ ವಸ್ತುವಿನಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಇರುವುದಿಲ್ಲ. ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ ಅದು.

ಅಸಲಿಯೋ ನಕಲಿಯೋ ಎಂದು ಮನೆಯಲ್ಲೇ ನೋಡಬಹುದೇ?

ಬಹಳ ಮಟ್ಟಿಗೆ. ಮಂಜುಗಡ್ಡೆ ಇಟ್ಟು ಕರಗುವ ವೇಗ ನೋಡುವ ವಿಡಿಯೋಗಳನ್ನು ನಂಬಿ ಕೂರಬೇಡಿ. ಬೆಳ್ಳಿಯಲ್ಲಿ ಶಾಖ ಬೇಗ ಹರಿಯುತ್ತದೆ ನಿಜ, ತಾಮ್ರದಲ್ಲೂ ಹೆಚ್ಚುಕಡಿಮೆ ಹಾಗೆಯೇ. ಅಯಸ್ಕಾಂತ ಕಬ್ಬಿಣದ ನಕಲಿಯನ್ನಷ್ಟೇ ಹಿಡಿಯುತ್ತದೆ.

ನಾನು ಮಾಡುವುದು ನೀರಿನ ಪರೀಕ್ಷೆ. ನೂರನೇ ಒಂದು ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ತೂಗಿ. ಆಮೇಲೆ ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯಕ್ಕೆ ಹೊಲಿಗೆಯ ತೆಳು ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಗಾಳಿಗುಳ್ಳೆ ಅಂಟಿದ್ದರೆ ದಾರವನ್ನು ಮೆಲ್ಲಗೆ ಕುಲುಕಿ. ಈಗ ತೋರುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 10.49ರ ಆಸುಪಾಸು ಬಂದರೆ ಬೆಳ್ಳಿ. 50 ಗ್ರಾಮಿನ ನಾಣ್ಯ 4.77 ತೋರಿಸಬೇಕು. ಜರ್ಮನ್ ಸಿಲ್ವರ್ ಆದರೆ 5.7ರ ಆಚೀಚೆ, ಸೀಸವಾದರೆ 4.4. ಐದು, ಹತ್ತು ಗ್ರಾಮಿನ ನಾಣ್ಯಕ್ಕೆ ಈ ಪರೀಕ್ಷೆ ಅಷ್ಟು ನಿಖರವಲ್ಲ, ಕೈ ಸ್ವಲ್ಪ ನಡುಗಿದರೂ ಉತ್ತರ ಬದಲಾಗುತ್ತದೆ. ಮುಚ್ಚಿದ ಕಾರ್ಡಿನಲ್ಲಿದ್ದರೆ ಇದಕ್ಕಾಗಿ ಒಡೆಯಲು ಹೋಗಬೇಡಿ.

ನಾಣ್ಯ ಕಪ್ಪಾಗಿದೆ. ಬೆಲೆ ಕಡಿಮೆಯಾಗುತ್ತದೆಯೇ?

ಲೋಹದ ಬೆಲೆ ಕಡಿಮೆಯಾಗದು. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಮೇಲೊಂದು ಪದರ ಕಟ್ಟುತ್ತದೆ, ಅಷ್ಟೇ. ಅದಕ್ಕಿಂತ ದೊಡ್ಡ ಅಪಾಯ ಅದನ್ನು ಉಜ್ಜುವ ಕೈಗಳು. ಹುಣಸೆಹಣ್ಣು, ವಿಭೂತಿ, ಹಲ್ಲುಜ್ಜುವ ಪೇಸ್ಟ್ ಹಾಕಿ ತಿಕ್ಕಿದರೆ ದೀಪದ ಕಂಬ ಹೊಳೆಯಬಹುದು, ನಾಣ್ಯದ ಅಚ್ಚು ಸವೆಯುತ್ತದೆ. ಹಳೆಯ ರೂಪಾಯಿಯನ್ನು ತಿಕ್ಕಿ ಬೆಳಗಿಸಿ ತಂದವರಿಗೆ ಸಂಗ್ರಹಕಾರರು ಅರ್ಧ ಬೆಲೆ ಹೇಳಿದರೂ ಆಶ್ಚರ್ಯವಿಲ್ಲ.

ಮಾರಿದಾಗ ತೆರಿಗೆ ಕಟ್ಟಬೇಕೇ? ಪೂಜೆಯ ನಾಣ್ಯಕ್ಕೆ ವಿನಾಯಿತಿ ಇದೆ ಎನ್ನುತ್ತಾರಲ್ಲ?

24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟು ಮಾರಿದರೆ ಲಾಭದ ಮೇಲೆ ಶೇ 12.5, ಹಣದುಬ್ಬರದ ಹೊಂದಾಣಿಕೆ ಇಲ್ಲ. 2024ರ ಜುಲೈ 23ರಿಂದ ಇದೇ ನಿಯಮ. ಅದಕ್ಕಿಂತ ಮುಂಚೆ ಮಾರಿದರೆ ನಿಮ್ಮ ಆದಾಯದ ಹಂತಕ್ಕೆ ತಕ್ಕ ತೆರಿಗೆ. ಕೊಳ್ಳುವಾಗ ಕಟ್ಟಿದ ಜಿಎಸ್‌ಟಿ ಹೋದದ್ದು ಹೋಯಿತು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಮೊತ್ತವನ್ನು ಅಂಗಡಿಯವರು ನಗದಾಗಿ ತೆಗೆದುಕೊಳ್ಳುವಂತಿಲ್ಲ.

ಪೂಜೆಯ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ರಾಜಸ್ಥಾನದ ಮಹಾರಾಜ ರಾಣಾ ಹೇಮಂತ್ ಸಿಂಗ್‌ಜಿ ಅವರ ಪ್ರಕರಣದಲ್ಲಿ, ಮಾರಿದ ಚಿನ್ನದ ಸವರನ್ನುಗಳು, ಬೆಳ್ಳಿ ರೂಪಾಯಿಗಳು, ಬೆಳ್ಳಿ ಗಟ್ಟಿಗಳು ಮಹಾಲಕ್ಷ್ಮಿ ಪೂಜೆಗೆ ಬಳಸಿದವು, ಹಾಗಾಗಿ ಸ್ವಂತ ಬಳಕೆಯ ವಸ್ತುಗಳು ಎಂಬ ವಾದ ಬಂತು. 1976ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಮೈಗೆ, ಮನೆಗೆ ನಿತ್ಯದ ನಂಟಿರುವ ವಸ್ತು ಮಾತ್ರ ಸ್ವಂತ ಬಳಕೆಯದು ಎಂಬುದು ತೀರ್ಪಿನ ತಿರುಳು. ಮಹಾರಾಜರಿಗೆ ಸಿಗದ ವಿನಾಯಿತಿ ನಮ್ಮ ನಿಮ್ಮ ದೇವರ ಮಂಟಪಕ್ಕೆ ಸಿಗುವುದು ಕಷ್ಟ.

ಬೆಳ್ಳಿ ಇಟಿಎಫ್ ನಾಣ್ಯಕ್ಕಿಂತ ಎಷ್ಟು ಮೇಲು?

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2021ರಲ್ಲಿ ಅನುಮತಿ ಕೊಟ್ಟು, 2022ರ ಜನವರಿಯಲ್ಲಿ ಮೊದಲ ಬೆಳ್ಳಿ ಇಟಿಎಫ್ ಬಂತು. ಅದರ ಹಿಂದೆ ನಿಜವಾದ ಬೆಳ್ಳಿಯೇ ಭದ್ರತಾ ಉಗ್ರಾಣದಲ್ಲಿರುತ್ತದೆ. ಕೊಳ್ಳುವಾಗ ಮಜೂರಿಯೂ ಇಲ್ಲ, ಶೇ 3ರ ಬರೆಯೂ ಇಲ್ಲ. ಬದಲಿಗೆ ವರ್ಷಕ್ಕೆ ಸುಮಾರು ಶೇ 0.5 ನಿರ್ವಹಣಾ ವೆಚ್ಚ. ಮೇಲಿನ ಲೆಕ್ಕದ ಕಿಲೋ ಗಟ್ಟಿಯ ಶೇ 6ರ ಹೊರೆಗೆ ಇದು ಸಮವಾಗಲು ಹನ್ನೆರಡು ವರ್ಷ ಬೇಕು. ಗಟ್ಟಿಗೆ ಲಾಕರ್ ಬಾಡಿಗೆ ಸೇರಿಸಿದರೆ ಇನ್ನೂ ಹೆಚ್ಚು. ಹತ್ತು ಗ್ರಾಂ ನಾಣ್ಯದ ಜೊತೆ ಹೋಲಿಸುವುದೇ ಬೇಡ.

ಆದರೆ ಇಟಿಎಫ್‌ಗೂ ಪ್ರೀಮಿಯಂ ಜ್ವರ ಬರುತ್ತದೆ. 2025ರ ಅಕ್ಟೋಬರ್‌ನಲ್ಲಿ, ದೀಪಾವಳಿಗೆ ಮುನ್ನ, ದೇಶದಲ್ಲಿ ಬೆಳ್ಳಿಯ ದಾಸ್ತಾನೇ ಸಾಲದಾಯಿತು. ಇಟಿಎಫ್‌ಗಳು ತಮ್ಮೊಳಗಿನ ಬೆಳ್ಳಿಯ ಬೆಲೆಗಿಂತ ಬಹಳ ಹೆಚ್ಚಿಗೆ ವಹಿವಾಟಾದವು. ಕೆಲವು ಮ್ಯೂಚುವಲ್ ಫಂಡ್ ಸಂಸ್ಥೆಗಳು ತಮ್ಮ ಬೆಳ್ಳಿ ಫಂಡ್‌ಗಳಿಗೆ ಒಂದೇ ಕಂತಿನಲ್ಲಿ ಹಾಕುವ ಹೊಸ ಹಣ ಸ್ವೀಕರಿಸುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದವು. ಆ ವಾರ ಮೇಲೆ ಬಿದ್ದು ಕೊಂಡವರು ಕಾರ್ಡ್ ನಾಣ್ಯ ಕೊಂಡವರಿಗಿಂತ ಬುದ್ಧಿವಂತರೇನೂ ಆಗಿರಲಿಲ್ಲ. ಕೊಳ್ಳುವ ಮುನ್ನ ಫಂಡ್‌ನ ಅಂದಿನ ಸೂಚಿತ ಮೌಲ್ಯವನ್ನೂ (ಅದರೊಳಗಿನ ಬೆಳ್ಳಿಯ ಬೆಲೆ) ಮಾರುಕಟ್ಟೆ ಬೆಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಆ್ಯಪ್‌ಗಳಲ್ಲಿ ಸಿಗುವ ಡಿಜಿಟಲ್ ಬೆಳ್ಳಿ?

ನಾನು ಕೊಳ್ಳುವುದಿಲ್ಲ. ಜಿಎಸ್‌ಟಿಯೂ ಇದೆ, ಕೊಳ್ಳುವ ಮಾರುವ ದರಗಳ ನಡುವೆ ಅಂತರವೂ ಇದೆ, ನಿಯಂತ್ರಕರ ಕಾವಲು ಮಾತ್ರ ಇಲ್ಲ. ಡಿಜಿಟಲ್ ಚಿನ್ನ ತನ್ನ ನಿಯಂತ್ರಣದ ಹೊರಗಿದೆ ಎಂದು ಸೆಬಿ 2025ರ ನವೆಂಬರ್‌ನಲ್ಲಿ ಬಹಿರಂಗವಾಗಿಯೇ ಎಚ್ಚರಿಸಿತು. ಬೆಳ್ಳಿ ಅದರ ತಂಗಿ.

ಬೆಳ್ಳಿ ಹೇಗೂ ಏರುತ್ತಲೇ ಇರುತ್ತದೆ. ಪ್ರೀಮಿಯಂ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ?

1980ರ ಜನವರಿಯಲ್ಲಿ ಟೆಕ್ಸಾಸ್‌ನ ಹಂಟ್ ಸಹೋದರರು ಬೆಳ್ಳಿಯನ್ನು ರಾಶಿ ಹಾಕಿದಾಗ ಔನ್ಸಿಗೆ 50 ಡಾಲರ್ ಹತ್ತಿರ ಬಂತು; ಮಾರ್ಚ್ 27ರ ಹೊತ್ತಿಗೆ 11 ಡಾಲರ್‌ಗೆ ಕುಸಿದಿತ್ತು. 2011ರ ಏಪ್ರಿಲ್‌ನಲ್ಲಿ ಮತ್ತೆ 50ರ ಹೊಸ್ತಿಲಿಗೆ ಬಂದು, 2015ರ ಕೊನೆಗೆ 14ಕ್ಕಿಂತ ಕೆಳಗಿಳಿಯಿತು. ಆ ಹೊಸ್ತಿಲನ್ನು ದಾಟಿದ್ದು 2025ರ ಅಕ್ಟೋಬರ್‌ನಲ್ಲಿ. ರೂಪಾಯಿ ಲೆಕ್ಕದಲ್ಲಿ ನಮಗೆ ಅಷ್ಟು ಕಾಯುವ ಕರ್ಮ ಬರಲಿಲ್ಲ, ಏಕೆಂದರೆ ರೂಪಾಯಿಯೇ ಇಳಿಯುತ್ತಿತ್ತು. ಆದರೂ 2011ರಲ್ಲಿ ಕಿಲೋಗೆ ಸುಮಾರು 73 ಸಾವಿರ ಮುಟ್ಟಿದ ಬೆಳ್ಳಿ ಆ ಮಟ್ಟ ದಾಟಿದ್ದು 2020ರ ಆಗಸ್ಟ್‌ನಲ್ಲಿ. ಒಂಬತ್ತು ವರ್ಷ. ಅದರ ಮೇಲೆ ಶೇ 30ರ ಹೊರೆ ಹೊತ್ತವನು ಇನ್ನಷ್ಟು ವರ್ಷ ಕಾಯಬೇಕಾಯಿತು.

ನಮ್ಮ ದರದಲ್ಲಿ ಸರ್ಕಾರದ ಲೇಖನಿಯೂ ಇದೆ. ಔನ್ಸಿಗೆ 30 ಡಾಲರ್, ಡಾಲರಿಗೆ 84 ರೂಪಾಯಿ ಎಂದರೆ ಗ್ರಾಮಿಗೆ 81. ಶೇ 15ರ ಆಮದು ಸುಂಕ ಸೇರಿದರೆ 93. ಶೇ 6 ಸೇರಿದರೆ 86. 2024ರ ಜುಲೈ ಬಜೆಟ್‌ನಲ್ಲಿ ಸುಂಕ 15ರಿಂದ 6ಕ್ಕೆ ಇಳಿಯಿತು. ಹಿಂದಿನ ದಿನ ಕೊಂಡವರು ಬೆಳ್ಳಿಯ ತಪ್ಪಿಲ್ಲದೆಯೇ ಕಳೆದುಕೊಂಡರು.

ತುರ್ತಿಗೆ ನಾಣ್ಯ ಅಡ ಇಡಬಹುದೇ?

2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ, 2026ರ ಏಪ್ರಿಲ್ 1ರೊಳಗೆ ಜಾರಿಗೆ ತರಬೇಕೆಂದು ಹೇಳಿದ ನಿಯಮಗಳ ಪ್ರಕಾರ ಬೆಳ್ಳಿ ನಾಣ್ಯದ ಮೇಲೆ ಸಾಲ ಕೊಡಬಹುದು, ಒಬ್ಬರಿಗೆ 500 ಗ್ರಾಂ ಮಿತಿ. ಒಡವೆಗೆ 10 ಕಿಲೋವರೆಗೆ. ಗಟ್ಟಿಗೂ ಇಟಿಎಫ್‌ಗೂ ಈ ಅವಕಾಶ ಇಲ್ಲ. ನಾಣ್ಯ ಗಟ್ಟಿಯನ್ನು ಗೆಲ್ಲುವ ಒಂದೇ ಜಾಗ ಇದು.

ಹಬ್ಬದ ದಿನವೇ ಕೊಳ್ಳಬೇಕು ಎಂದು ಮನೆಯಲ್ಲಿ ಹಟ. ಏನು ಮಾಡಲಿ?

ಹಟಕ್ಕೆ ಒಂದು ನಾಣ್ಯ ಕೊಳ್ಳಿ, ಉಳಿದ ದುಡ್ಡಿಗೆ ಹಬ್ಬ ಕಳೆದ ಮೇಲೆ ಗಟ್ಟಿ ನೋಡಿ. ಧನತ್ರಯೋದಶಿಯ ಸಂಜೆ ಚಿಕ್ಕಪೇಟೆಯಲ್ಲಿ ಚೌಕಾಸಿ ಮಾಡುವುದು ಜಾತ್ರೆಯಲ್ಲಿ ಜಾಗ ಹುಡುಕಿದಂತೆ. ನಾಣ್ಯದ ಮೇಲಿನ ಚಿತ್ರಕ್ಕೆ, ಬಣ್ಣಕ್ಕೆ, ಮಖಮಲ್ಲಿನ ಪೆಟ್ಟಿಗೆಗೆ ಹೆಚ್ಚು ಕೊಡಬೇಡಿ. ನಾಮಕರಣಕ್ಕೋ ಉಪನಯನಕ್ಕೋ ಆದರೆ ಕೊಡಿ. ಉಡುಗೊರೆಗೆ ಪೆಟ್ಟಿಗೆಯೂ ಬೇಕು. ಅದನ್ನು ಖರ್ಚಿನ ಪುಸ್ತಕದಲ್ಲಿ ಬರೆದುಬಿಡಿ, ಹೂಡಿಕೆಯ ಪುಸ್ತಕದಲ್ಲಿ ಬೇಡ.

ನನ್ನ ಬಳಿ ಈಗಾಗಲೇ ಮೂವತ್ತು ಚಿಕ್ಕ ನಾಣ್ಯಗಳಿವೆ. ಮಾರಿ ಗಟ್ಟಿ ತೆಗೆದುಕೊಳ್ಳಲೇ?

ಬೇಡ. ನೀವು ಕೊಟ್ಟ ಪ್ರೀಮಿಯಂ ಕೊಂಡ ದಿನವೇ ಹೋಗಿದೆ, ಮಾರಿದರೆ ಅದು ಬರುವುದಿಲ್ಲ. ಮಾರುವಾಗ ಶೇ 5 ಕಡಿತ, ಗಟ್ಟಿ ಕೊಳ್ಳುವಾಗ ಮತ್ತೆ ಶೇ 2 ಮತ್ತು ಜಿಎಸ್‌ಟಿ ಶೇ 3: ಮುನ್ನೂರು ಗ್ರಾಂ ಹೋಗಿ ಇನ್ನೂರ ಎಪ್ಪತ್ತು ಚಿಲ್ಲರೆ ಕೈಗೆ ಬರುತ್ತದೆ. ರಸೀದಿಗಳನ್ನು ಹುಡುಕಿ ಒಂದೆಡೆ ಇಡಿ, ಕಾರ್ಡುಗಳನ್ನು ಒಡೆಯದೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ. ಮುಂದಿನ ಮದುವೆ, ಮುಂಜಿಗಳಿಗೆ ಉಡುಗೊರೆ ಕೊಳ್ಳಲು ಅಂಗಡಿಗೆ ಹೋಗುವ ಬದಲು ಅದರಿಂದಲೇ ಒಂದೊಂದು ತೆಗೆದು ಕೊಡಿ. ಅಂಗಡಿಯ ಪೂರ್ತಿ ಬೆಲೆ ಉಳಿಯುವುದು ಹಾಗೆ ಮಾತ್ರ. ನನ್ನ ಡಬ್ಬಿಯಲ್ಲಿ ಈಗ ನಾಲ್ಕು ಉಳಿದಿವೆ.